ತಾನಾಗಿ ಬಾರದ ಮಾಡ್ಯೂಲ್: ಸರಪಳಿ ತುಂಡಾಗಿರುವುದು ಎಲ್ಲಿ?

ಎಕ್ಸ್‌ಪೈಸ್ ಎಂಬ ಅಂಗೈಯಗಲದ ಉಪಕರಣ ನಿಮ್ಮ ಪ್ರಯೋಗಾಲಯದಲ್ಲಿರಬಹುದು. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದ ‘ಫೀನಿಕ್ಸ್’ ಯೋಜನೆಯಲ್ಲಿ ರೂಪುಗೊಂಡ ಇದನ್ನು ಗಣಕದ ಯುಎಸ್‌ಬಿ ಕಿಂಡಿಗೆ ಜೋಡಿಸಿದರೆ ಸಾಕು. ಆಸಿಲೋಸ್ಕೋಪ್, ವೋಲ್ಟ್‌ಮೀಟರ್, ಸಂಜ್ಞಾ ಉತ್ಪಾದಕ ಮೂರೂ ಅದೇ ಆಗುತ್ತದೆ. ಪರ್ಯಾಯ ವಿದ್ಯುತ್ತಿನ ಸೈನ್ ಅಲೆಯನ್ನು ಹಲಗೆಯ ಮೇಲೆ ಬರೆದು ತೋರಿಸುವುದಕ್ಕೂ ಪರದೆಯ ಮೇಲೆ ಅದು ಹರಿಯುವುದನ್ನು ಮಕ್ಕಳು ಕಾಣುವುದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಆದರೆ ಒಂದು ದಿನ ಕೇಬಲ್ ಚುಚ್ಚಿದಾಗ ಏನೂ ಆಗುವುದಿಲ್ಲ. ‘ಸಾಧನ ಸಿಗಲಿಲ್ಲ’ ಎಂಬ ಸಂದೇಶವಷ್ಟೇ ಬರುತ್ತದೆ. ನಿನ್ನೆ ಕೆಲಸ ಮಾಡುತ್ತಿದ್ದ ಉಪಕರಣ ಇಂದು ಮೂಕ.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿದೆ. ಗಣಕವನ್ನು ನಾಲ್ಕು ಬಾರಿ ಮುಚ್ಚಿ ತೆರೆಯುತ್ತೇವೆ, ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತೇವೆ, ಕೊನೆಗೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಅನುಸ್ಥಾಪಿಸುತ್ತೇವೆ. ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ಪಾಮನಕಲ್ಲೂರಿನಂಥ ಊರಿನಲ್ಲಿ ಕೆಲಸ ಮಾಡುವ ಶಿಕ್ಷಕರು ಗಣಕವನ್ನು ಸಿಂಧನೂರಿಗೋ ಲಿಂಗಸುಗೂರಿಗೋ ಹೊತ್ತುಕೊಂಡು ಹೋಗಬೇಕು. ಹೋದರೂ ಅಲ್ಲಿ ಲಿನಕ್ಸ್ ಬಲ್ಲವರು ಸಿಗುವ ಖಾತರಿಯಿಲ್ಲ. ಉಪಕರಣ ಕಪಾಟು ಸೇರುತ್ತದೆ, ಆ ವರ್ಷದ ಪ್ರಯೋಗಗಳು ಮತ್ತೆ ಹಲಗೆಗೇ ಮರಳುತ್ತವೆ. ವಾಸ್ತವವಾಗಿ ಇಂಥ ಎಷ್ಟೋ ಸಂದರ್ಭಗಳಲ್ಲಿ ಉಪಕರಣ ಕೆಟ್ಟಿರುವುದೇ ಇಲ್ಲ. ಅದನ್ನು ನಡೆಸಬೇಕಾದ ಕರ್ನಲ್ ಮಾಡ್ಯೂಲ್ ತಾನಾಗಿ ಸ್ಮೃತಿಗೆ ಬಂದಿರುವುದಿಲ್ಲ, ಅಷ್ಟೇ. ಬರಬೇಕಾದ ದಾರಿಯಲ್ಲಿ ಐದಾರು ಕೊಂಡಿಗಳಿವೆ. ಪ್ರತಿಯೊಂದನ್ನೂ ಒಂದೊಂದು ಆದೇಶದಿಂದ ಪರೀಕ್ಷಿಸಬಹುದು. ವಿದ್ಯುನ್ಮಂಡಲದಲ್ಲಿ ಎಲ್ಲಿ ತಂತಿ ತುಂಡಾಗಿದೆಯೆಂದು ಮಲ್ಟಿಮೀಟರ್ ಹಿಡಿದು ಹುಡುಕುವವರಿಗೆ ಈ ಕೆಲಸ ಹೊಸದಲ್ಲ.

ಲಿನಕ್ಸ್ ನಮ್ಮ ಶಾಲೆಗಳಿಗೆ ಅಪರಿಚಿತವೇನೂ ಅಲ್ಲ. 2011ರಿಂದ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ನಡೆದ ತರಬೇತಿಗಳು ಉಬುಂಟುವಿನ ಮೇಲೆಯೇ ನಡೆದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆಯ ಕಾಲದಿಂದಲೂ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ.

ಕರ್ನಲ್ ಮತ್ತು ಮಾಡ್ಯೂಲ್

ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಕರ್ನಲ್ ಎನ್ನುತ್ತಾರೆ. ಸ್ಮೃತಿಯನ್ನು ಹಂಚುವುದು, ಸಂಸ್ಕಾರಕದ ಸಮಯವನ್ನು ಪಾಲು ಮಾಡುವುದು, ಯಂತ್ರಾಂಶಗಳೊಡನೆ ಮಾತನಾಡುವುದು ಇವೆಲ್ಲ ಅದರ ಹೊಣೆ. ಜಗತ್ತಿನಲ್ಲಿರುವ ಸಾವಿರಾರು ಬಗೆಯ ಮುದ್ರಕ, ಕ್ಯಾಮೆರಾ, ಜಾಲಕಾರ್ಡುಗಳಿಗೆ ಬೇಕಾದ ಚಾಲಕಗಳನ್ನೆಲ್ಲ ಕರ್ನಲ್‌ನೊಳಗೇ ತುಂಬಿದರೆ ಅದು ಉಬ್ಬಿಹೋಗುತ್ತದೆ. ಆದ್ದರಿಂದ ಚಾಲಕಗಳನ್ನು ಬಿಡಿ ಬಿಡಿ ಕಡತಗಳಾಗಿ ಡಿಸ್ಕಿನಲ್ಲಿಟ್ಟು ಬೇಕಾದಾಗ ಮಾತ್ರ ಸ್ಮೃತಿಗೆ ತರುತ್ತಾರೆ. ಇವೇ ಮಾಡ್ಯೂಲ್‌ಗಳು. ಸದ್ಯ ಯಾವುವು ಸ್ಮೃತಿಯಲ್ಲಿವೆ ಎಂಬುದನ್ನು ‘ಎಲ್‌ಎಸ್‌ಮಾಡ್’ ಆದೇಶ ಪಟ್ಟಿ ಮಾಡಿ ಕೊಡುತ್ತದೆ. (ಈ ಲೇಖನದಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಚಿಕ್ಕಕ್ಷರಗಳಲ್ಲಿ, ಪದಗಳ ನಡುವೆ ಮಾತ್ರ ಜಾಗ ಬಿಟ್ಟು ಟೈಪಿಸಬೇಕು.)

ಮೊದಲಿಗೆ ಬಳಕೆದಾರರೇ ಮಾಡ್ಯೂಲಿನ ಹೆಸರು ಹೇಳಿ ಅದನ್ನು ಕರೆತರಬೇಕಿತ್ತು. ಜೋಡಿಸಿದ ಸಾಧನವನ್ನು ನೋಡಿ ವ್ಯವಸ್ಥೆಯೇ ಚಾಲಕವನ್ನು ಹುಡುಕುವ ಏರ್ಪಾಡು ಹಂತಹಂತವಾಗಿ ಬೆಳೆಯಿತು. ಇಂದಿನ ರೂಪದ ಮುಖ್ಯ ಅಂಗವಾದ ‘ಯುಡೆವ್’ ಹುಟ್ಟಿದ್ದು 2003ರಲ್ಲಿ.

ಹೆಸರಿಗೆ ಹೆಸರು ಹೊಂದಿಸುವ ಕೆಲಸ

ಯುಎಸ್‌ಬಿ ಸಾಧನವನ್ನು ಜೋಡಿಸಿದ ಕ್ಷಣದಲ್ಲಿ ಅದು ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ. ತಯಾರಕರ ಸಂಖ್ಯೆ ಒಂದು, ಉತ್ಪನ್ನದ ಸಂಖ್ಯೆ ಇನ್ನೊಂದು. ಎರಡೂ ಷೋಡಶಮಾನದ ನಾಲ್ಕು ಅಂಕಗಳು. ಎಫ್‌ಟಿಡಿಐ ಕಂಪನಿಯ ಬಹುಬಳಕೆಯ ಸೀರಿಯಲ್ ಚಿಪ್ ತನ್ನನ್ನು 0403:6001 ಎಂದು ಹೇಳಿಕೊಳ್ಳುತ್ತದೆ. ಕರ್ನಲ್ ಈ ಅಂಕಗಳನ್ನು, ಸಾಧನದ ವರ್ಗ ಮತ್ತು ಉಪವರ್ಗಗಳನ್ನು ಒಟ್ಟಿಗೆ ಹೆಣೆದು ‘ಯುಎಸ್‌ಬಿ:ವಿ0403ಪಿ6001...’ ಎಂಬಂಥ ಉದ್ದನೆಯ ಒಂದು ಸಾಲು ಮಾಡುತ್ತದೆ. ಇದರ ಹೆಸರು ‘ಮಾಡ್‌ಅಲಿಯಾಸ್’. ‘ಇಂಥದೊಂದು ಬಂದಿದೆ’ ಎಂದು ಕರ್ನಲ್ ಸಾರುತ್ತದೆ. ಆ ಸಾರುವಿಕೆಯನ್ನು ಯುಡೆವ್ ಕೇಳಿಸಿಕೊಂಡು ಮಾಡ್ಯೂಲನ್ನು ತರುವ ಕೆಲಸಕ್ಕೆ ಇಳಿಯುತ್ತದೆ.

ಆದರೆ ಡಿಸ್ಕಿನಲ್ಲಿರುವ ಕಡತದ ಹೆಸರು ‘ಎಫ್‌ಟಿಡಿಐ_ಎಸ್‌ಐಒ’. ಸಾಧನ ಹೇಳುವುದು ಒಂದು ಹೆಸರು, ಕಡತದ್ದು ಇನ್ನೊಂದು. ಇವೆರಡೂ ಒಬ್ಬರದೇ ಎಂದು ಗೊತ್ತಾಗುವುದು ಹೇಗೆ? ಪಾಮನಕಲ್ಲೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ, ಮಸ್ಕಿಯ ಬಂಡೆಯೇ ಸಾಕು. ದೇಶದ ಉದ್ದಗಲಕ್ಕೂ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಸಿಂಹಳದ ವೃತ್ತಾಂತಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿ ಶಾಸನದಲ್ಲಿ ಬಿರುದು ಮತ್ತು ‘ಅಶೋಕ’ ಎಂಬ ಹೆಸರು ಅಕ್ಕಪಕ್ಕ ಇದ್ದವು. ಊಹೆ ದೃಢಪಟ್ಟಿತು. (ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ದೊರೆಯಿತು.) ಲಿನಕ್ಸ್‌ನಲ್ಲಿ ಮಸ್ಕಿಯ ಬಂಡೆಯ ಕೆಲಸ ಮಾಡುವುದು ‘ಮಾಡ್ಯೂಲ್ಸ್.ಅಲಿಯಾಸ್’ ಎಂಬ ಕಡತ. ಸಾಧನದ ಗುರುತು ಎಡಕ್ಕೆ, ಮಾಡ್ಯೂಲಿನ ಹೆಸರು ಬಲಕ್ಕೆ, ಸಾವಿರಾರು ಸಾಲುಗಳು. ಒಂದು ಸಾಲು ಇಲ್ಲದಿದ್ದರೂ ಆ ಸಾಧನದ ಮಟ್ಟಿಗೆ ಎರಡು ಹೆಸರುಗಳ ನಡುವಣ ನಂಟು ಕಡಿದಂತೆ.

ಈ ಪಟ್ಟಿಯನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಪ್ರತಿ ಚಾಲಕವೂ ತಾನು ನಡೆಸಬಲ್ಲ ಸಾಧನಗಳ ಗುರುತುಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ‘ಡೆಪ್‌ಮಾಡ್’ ಎಂಬ ಆದೇಶ ಅವೆಲ್ಲವನ್ನೂ ಓದಿ ಪಟ್ಟಿ ಕಟ್ಟುತ್ತದೆ. ಯಾವ ಮಾಡ್ಯೂಲಿಗೆ ಮೊದಲು ಯಾವುದು ಬೇಕು ಎಂಬ ‘ಮಾಡ್ಯೂಲ್ಸ್.ಡೆಪ್’ ಎಂಬ ಇನ್ನೊಂದು ಪಟ್ಟಿಯೂ ಅದರ ಕೆಲಸವೇ. ಎಫ್‌ಟಿಡಿಐ_ಎಸ್‌ಐಒ ಬರಬೇಕಾದರೆ ಮೊದಲು ‘ಯುಎಸ್‌ಬಿಸೀರಿಯಲ್’ ಬಂದಿರಬೇಕು. ಈ ಎರಡೂ ಪಟ್ಟಿಗಳನ್ನು ನೋಡಿ ಮಾಡ್ಯೂಲನ್ನು ಸ್ಮೃತಿಗೆ ತರುವ ಆದೇಶ ‘ಮಾಡ್‌ಪ್ರೋಬ್’.

ಎಲ್ಲ ಗುರುತುಗಳೂ ಕಂಪನಿಯ ಸಂಖ್ಯೆಯನ್ನೇ ಅವಲಂಬಿಸುವುದಿಲ್ಲ. ಎಕ್ಸ್‌ಪೈಸ್ ಜೂನಿಯರ್ ಮತ್ತು ಎಕ್ಸ್‌ಪೈಸ್-17ರಲ್ಲಿರುವ ಮೈಕ್ರೋಚಿಪ್ ಕಂಪನಿಯ ಎಂಸಿಪಿ2200 ಚಿಪ್ 04ಡಿ8:00ಡಿಎಫ್ ಎಂದು ಹೇಳಿಕೊಂಡರೂ ಅದಕ್ಕೆ ಚಾಲಕ ಸಿಗುವುದು ವರ್ಗದ ಮೂಲಕ. ‘ನಾನು ಸಂವಹನ ವರ್ಗದವನು, ಮೋಡೆಮ್‌ನಂತೆ ನಡೆದುಕೊಳ್ಳುತ್ತೇನೆ’ ಎಂದು ಅದು ಹೇಳಿದೊಡನೆ ‘ಸಿಡಿಸಿ_ಎಸಿಎಂ’ ಎಂಬ ಸಾಮಾನ್ಯ ಚಾಲಕ ಬರುತ್ತದೆ.

ಮೊದಲು ಕೇಬಲ್, ಆಮೇಲೆ ಕರ್ನಲ್

ಈಗ ಪರೀಕ್ಷೆಗೆ ಬರೋಣ. ಸಾಧನವನ್ನು ಜೋಡಿಸಿ ‘ಎಲ್‌ಎಸ್‌ಯುಎಸ್‌ಬಿ’ ಎಂದು ಟೈಪಿಸಿ. ಸಾಧನ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿದರೆ ಯಾವ ಸಾಲು ಹೊಸದೆಂದು ತಿಳಿಯುತ್ತದೆ. ಹೊಸ ಸಾಲು ಬರಲೇ ಇಲ್ಲವೇ? ಹಾಗಿದ್ದರೆ ಮಾಡ್ಯೂಲಿನ ಮಾತೇ ಇಲ್ಲ, ಸಾಧನ ತನ್ನ ಹೆಸರನ್ನೇ ಹೇಳಿಲ್ಲ. ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜ್ ಮಾಡಲೆಂದೇ ಮಾರುವ ಅಗ್ಗದ ಕೇಬಲ್‌ಗಳಲ್ಲಿ ಶಕ್ತಿಯ ಎರಡು ತಂತಿಗಳಿರುತ್ತವೆ, ದತ್ತಾಂಶದ ಎರಡು ತಂತಿಗಳಿರುವುದಿಲ್ಲ. ಐದು ವೋಲ್ಟ್ ಸರಿಯಾಗಿ ತಲುಪಿ ಉಪಕರಣದ ದೀಪ ಹೊತ್ತುತ್ತದೆ, ನೋಡಿದವರು ‘ಕರೆಂಟು ಬರುತ್ತಿದೆಯಲ್ಲ’ ಎಂದು ಕೇಬಲ್ಲನ್ನು ಅನುಮಾನಿಸುವುದೇ ಇಲ್ಲ. ಶಾಲೆಗಳಲ್ಲಿ ಈ ಒಂದು ಕಾರಣಕ್ಕೇ ವ್ಯರ್ಥವಾಗುವ ಸಮಯ ಸಣ್ಣದಲ್ಲವೆಂದು ನನ್ನ ಅಭಿಪ್ರಾಯ.

ಸಾಲು ಬಂದಿದೆಯೆನ್ನಿ. ಗುರುತುಸಂಖ್ಯೆಯನ್ನು ಬರೆದುಕೊಳ್ಳಿ. ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಬೇಕಾದ ಮಾಡ್ಯೂಲ್ ಇಲ್ಲ. ಈಗ ಅದನ್ನು ಕೈಯಾರೆ ಕರೆಯಿರಿ: ‘ಸುಡೋ ಮಾಡ್‌ಪ್ರೋಬ್ ಎಫ್‌ಟಿಡಿಐ_ಎಸ್‌ಐಒ’. ಇಡೀ ಪತ್ತೇದಾರಿಕೆಯಲ್ಲಿ ಅತ್ಯಂತ ಬೆಲೆಯುಳ್ಳ ಪ್ರಯೋಗ ಇದೇ. ಏಕೆಂದರೆ ಇದು ಸರಪಳಿಯನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಮೂರು ಫಲಿತಾಂಶಗಳು ಸಾಧ್ಯ: ಮಾಡ್ಯೂಲ್ ಬಂದು ಸಾಧನವೂ ಕೆಲಸ ಮಾಡಬಹುದು, ಮಾಡ್ಯೂಲ್ ತಕರಾರಿಲ್ಲದೆ ಬಂದರೂ ಸಾಧನ ಮೂಕವಾಗೇ ಉಳಿಯಬಹುದು, ಅಥವಾ ಮಾಡ್ಯೂಲ್ ಬರಲೇ ಒಲ್ಲೆನ್ನಬಹುದು.

ಕರೆದರೆ ಬರುತ್ತದೆ, ತಾನಾಗಿ ಬರುವುದಿಲ್ಲ

ಹೀಗಾದರೆ ಕಡತ ಸರಿಯಿದೆ, ಚಾಲಕ ಸರಿಯಿದೆ. ಕೆಟ್ಟಿರುವುದು ಕರೆಯುವ ವ್ಯವಸ್ಥೆ. ಮೊದಲು ನೋಡಬೇಕಾದ್ದು ನಿಷೇಧಪಟ್ಟಿಯನ್ನು. ‘ಇಟಿಸಿ’ ಕಡತಕೋಶದೊಳಗಿನ ‘ಮಾಡ್‌ಪ್ರೋಬ್.ಡಿ’ಯಲ್ಲಿರುವ ಯಾವುದೋ ಕಡತದಲ್ಲಿ ‘ಬ್ಲ್ಯಾಕ್‌ಲಿಸ್ಟ್’ ಎಂಬ ಪದದ ಮುಂದೆ ನಿಮ್ಮ ಮಾಡ್ಯೂಲಿನ ಹೆಸರಿರಬಹುದು. ಈ ಪದದ ಅರ್ಥವನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಅದು ಮಾಡ್ಯೂಲನ್ನು ಪೂರ್ತಿ ತಡೆಯುವುದಿಲ್ಲ. ಅದರ ಅಡ್ಡಹೆಸರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎನ್ನುತ್ತದೆ, ಅಷ್ಟೇ. ಆದ್ದರಿಂದಲೇ ನಿಜವಾದ ಹೆಸರು ಹಿಡಿದು ಕರೆದರೆ ಬರುತ್ತದೆ, ಸಾಧನದ ಗುರುತಿನಿಂದ ಕರೆದರೆ ಬರುವುದಿಲ್ಲ. ಆ ಸಾಲನ್ನು ಯಾರು, ಏಕೆ ಬರೆದರು ಎಂದು ವಿಚಾರಿಸಿ ಆಮೇಲೆ ಅಳಿಸಿ.

ಅಲ್ಲಿಯೂ ಹೆಸರಿಲ್ಲದಿದ್ದರೆ ಅಡ್ಡಹೆಸರೇ ಪಟ್ಟಿಯಲ್ಲಿಲ್ಲವೋ ನೋಡಬೇಕು. ‘ಮಾಡ್‌ಇನ್ಫೋ’ ಆದೇಶದ ಮುಂದೆ ಮಾಡ್ಯೂಲಿನ ಹೆಸರಿಟ್ಟರೆ ಅದರ ಅಡ್ಡಹೆಸರುಗಳೆಲ್ಲ ಬರುತ್ತವೆ. ಸಾಧನದ ಮಾಡ್‌ಅಲಿಯಾಸ್ ಸಾಲು ಕೈಯಲ್ಲಿದ್ದರೆ ಅದನ್ನು ‘ಮಾಡ್‌ಪ್ರೋಬ್ -ಆರ್’ ಎಂಬುದರ ಮುಂದಿಟ್ಟು ಯಾವ ಮಾಡ್ಯೂಲ್ ಹೊಂದುತ್ತದೆಂದು ಕೇಳಬಹುದು. ಇಲ್ಲಿ ‘ಆರ್’ ದೊಡ್ಡಕ್ಷರವಾಗಿರಬೇಕು. ಚಿಕ್ಕಕ್ಷರ ಹಾಕಿದರೆ ಅದರ ಅರ್ಥ ‘ಮಾಡ್ಯೂಲನ್ನು ಹೊರಹಾಕು’ ಎಂದು! ಚಾಲಕ ಬರೆದವರೇ ಗುರುತುಪಟ್ಟಿಯನ್ನು ಹೊರಗೆ ಪ್ರಕಟಿಸುವ ಒಂದು ಸಾಲನ್ನು ಮರೆಯುವುದೂ ಉಂಟು. ‘ತಾನಾಗಿ ಬರುವಂತೆ ಸರಿಪಡಿಸಿದೆ’ ಎಂಬ ಒಕ್ಕಣೆಯ ತಿದ್ದುಪಡಿಗಳು ಲಿನಕ್ಸ್ ಕರ್ನಲ್‌ನ ಇತಿಹಾಸದಲ್ಲಿ ಬೇಕಾದಷ್ಟಿವೆ.

ಬಂದರೂ ಮಾತನಾಡುವುದಿಲ್ಲ

ಎರಡನೆಯ ಫಲಿತಾಂಶ ಹೆಚ್ಚು ಸ್ವಾರಸ್ಯದ್ದು. ಇದಕ್ಕೆ ಎರಡು ನಿಜ ಘಟನೆಗಳನ್ನು ನೋಡೋಣ.

ಎಫ್‌ಟಿಡಿಐ ಚಿಪ್‌ಗಳು ಜನಪ್ರಿಯವಾದಂತೆ ಅವುಗಳ ನಕಲುಗಳೂ ಮಾರುಕಟ್ಟೆಗೆ ಬಂದವು. ನಕಲುಗಳೂ 0403:6001 ಎಂದೇ ಹೇಳಿಕೊಳ್ಳುತ್ತಿದ್ದವು. 2014ರಲ್ಲಿ ಕಂಪನಿಯು ವಿಂಡೋಸ್‌ಗೆಂದು ಬಿಡುಗಡೆ ಮಾಡಿದ ಚಾಲಕವು ನಕಲಿ ಚಿಪ್ ಕಂಡೊಡನೆ ಅದರ ಉತ್ಪನ್ನ ಸಂಖ್ಯೆಯನ್ನು 0000 ಎಂದು ತಿದ್ದಿಬಿಡುತ್ತಿತ್ತು. ಚಿಪ್ ವಿದ್ಯುತ್ತಿನ ದೃಷ್ಟಿಯಿಂದ ಸರಿಯಾಗಿಯೇ ಇತ್ತು, ಅದರ ಹೆಸರು ಮಾತ್ರ ಅಳಿಸಿಹೋಗಿತ್ತು. ತಾವು ಕೊಂಡದ್ದು ನಕಲೆಂದೇ ತಿಳಿಯದವರ ಉಪಕರಣಗಳು ಒಂದೇ ದಿನದಲ್ಲಿ ಮೂಕವಾದವು. ಒಮ್ಮೆ ವಿಂಡೋಸ್ ಗಣಕಕ್ಕೆ ಜೋಡಿಸಿದ್ದ ಕೇಬಲ್ ಆಮೇಲೆ ಲಿನಕ್ಸ್‌ನಲ್ಲೂ ಕೆಲಸ ಮಾಡುತ್ತಿರಲಿಲ್ಲ, ಏಕೆಂದರೆ ತಿದ್ದಿದ ಸಂಖ್ಯೆ ಚಿಪ್‌ನೊಳಗೇ ಉಳಿಯುತ್ತಿತ್ತು. ಲಿನಕ್ಸ್‌ನವರು ಮಾಡಿದ ಪರಿಹಾರ ಸರಳ: ಎಫ್‌ಟಿಡಿಐ_ಎಸ್‌ಐಒ ಚಾಲಕದ ಪಟ್ಟಿಗೆ 0403:0000 ಎಂಬ ಗುರುತನ್ನೂ ಸೇರಿಸಿದರು. ನಕಲಿ ಸರಕನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಮಾರಿದವನ ತಪ್ಪಿಗೆ ಕೊಂಡವನ ಉಪಕರಣವನ್ನು ಕೊಲ್ಲುವುದು ನ್ಯಾಯವಲ್ಲ.

ಹೊಸ ಗುರುತನ್ನು ಹೇಳಿಕೊಡಲು ಕರ್ನಲ್ ಬದಲಾಗುವವರೆಗೆ ಕಾಯಲೇಬೇಕೆಂದಿಲ್ಲ. ‘ಸಿಸ್’ ಕಡತಕೋಶದಲ್ಲಿ ಪ್ರತಿ ಯುಎಸ್‌ಬಿ ಚಾಲಕದಡಿಯೂ ‘ನ್ಯೂ_ಐಡಿ’ ಎಂಬ ಕಡತವಿದೆ. ಅದಕ್ಕೆ ಎರಡು ಸಂಖ್ಯೆಗಳನ್ನು ಬರೆದರೆ ಚಾಲಕವು ಆ ಸಾಧನವನ್ನೂ ತನ್ನದೆಂದು ಒಪ್ಪುತ್ತದೆ. ಗಣಕ ಮುಚ್ಚಿದೊಡನೆ ಇದು ಮರೆತುಹೋಗುತ್ತದೆ. ಪರೀಕ್ಷೆಗೆ ಇಷ್ಟು ಸಾಕು.

ಇನ್ನೊಂದು ಘಟನೆ 2022ರದು. ಉಬುಂಟು 22.04 ಬಂದಾಗ ಆರ್ಡುಯಿನೋ ನಕಲು ಫಲಕಗಳಲ್ಲಿ ಹೇರಳವಾಗಿ ಬಳಸುವ ಸಿಎಚ್340 ಚಿಪ್ ಹಲವರಿಗೆ ಕೈಕೊಟ್ಟಿತು. ಕರ್ನಲ್‌ನ ದಿನಚರಿಯನ್ನು ನೋಡಿದರೆ ಕಾರಣ ಅಲ್ಲೇ ಇತ್ತು. ‘ಸಿಎಚ್341’ ಮಾಡ್ಯೂಲ್ ಬಂದು ಸಾಧನವನ್ನು ಹಿಡಿದ ಮರುಕ್ಷಣವೇ ‘ಬಿಆರ್‌ಎಲ್‌ಟಿಟಿವೈ’ ಎಂಬ ತಂತ್ರಾಂಶ ಅದನ್ನು ಕಸಿದುಕೊಳ್ಳುತ್ತಿತ್ತು. ಇದು ಅಂಧರ ಬ್ರೈಲ್ ಫಲಕಗಳನ್ನು ನಡೆಸುವ ತಂತ್ರಾಂಶ. ಅಂಥ ಒಂದು ಬ್ರೈಲ್ ಫಲಕದೊಳಗೂ ಇದೇ ಚಿಪ್, ಇದೇ 1ಎ86:7523 ಗುರುತು. ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಹಾಜರಿ ಕರೆದಂತೆ! ಆ ತಂತ್ರಾಂಶವನ್ನೇ ತೆಗೆದುಹಾಕಿ ಎಂಬ ಸಲಹೆ ಎಲ್ಲೆಡೆ ಹರಡಿತು. ನಿಮ್ಮ ಶಾಲೆಯಲ್ಲಿ ಅಂಧ ವಿದ್ಯಾರ್ಥಿಯೊಬ್ಬರು ಆ ಗಣಕ ಬಳಸುತ್ತಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಯುಡೆವ್ ನಿಯಮಗಳ ಕಡತದಲ್ಲಿ ಆ ಒಂದು ಗುರುತಿನ ಸಾಲನ್ನು ನಿಷ್ಕ್ರಿಯಗೊಳಿಸಿದರೆ ಸಾಕು.

ದಿನಚರಿ ಎಂದೆನಲ್ಲ, ಅದನ್ನು ಓದುವ ಆದೇಶ ‘ಡಿಮೆಸೇಜ್’. ಟೈಪಿಸುವಾಗ ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರ. ಈಚಿನ ಉಬುಂಟುಗಳಲ್ಲಿ ಮುಂದೆ ‘ಸುಡೋ’ ಬೇಕು. ಕೊನೆಯ ಇಪ್ಪತ್ತು ಸಾಲುಗಳನ್ನು ಓದುವ ಅಭ್ಯಾಸ ಮಾಡಿಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ಚಾಲಕ ಬಂದಿದ್ದರೂ ಸಾಧನಕ್ಕೆ ತುಂಬಬೇಕಾದ ಫರ್ಮ್‌ವೇರ್ ಕಡತ ಸಿಗದಿದ್ದರೆ ಅದೂ ಇಲ್ಲಿ ಗೊತ್ತಾಗುತ್ತದೆ.

ಬರಲೇ ಒಲ್ಲೆನ್ನುವ ಮಾಡ್ಯೂಲ್

ಮೂರನೆಯ ಫಲಿತಾಂಶದಲ್ಲಿ ಮಾಡ್‌ಪ್ರೋಬ್ ಒಂದು ದೂರು ಕೊಡುತ್ತದೆ. ಆ ದೂರಿನ ಪದಗಳನ್ನು ಅಕ್ಷರಶಃ ಬರೆದುಕೊಳ್ಳಿ. ‘ಮಾಡ್ಯೂಲ್ ನಾಟ್ ಫೌಂಡ್’ ಎಂದರೆ ಈಗ ಓಡುತ್ತಿರುವ ಕರ್ನಲ್‌ನ ಕಡತಕೋಶದಲ್ಲಿ ಆ ಕಡತ ಇಲ್ಲ ಅಥವಾ ಪಟ್ಟಿಯಲ್ಲಿ ನಮೂದಾಗಿಲ್ಲ. ‘ಓಡುತ್ತಿರುವ’ ಎಂಬ ಪದ ಮುಖ್ಯ. ಮಾಡ್ಯೂಲ್‌ಗಳು ‘ಲಿಬ್’ ಕಡತಕೋಶದ ‘ಮಾಡ್ಯೂಲ್ಸ್’ ಎಂಬಲ್ಲಿ ಪ್ರತಿ ಕರ್ನಲ್ ಆವೃತ್ತಿಗೂ ಪ್ರತ್ಯೇಕವಾಗಿರುತ್ತವೆ. ‘ಯುನೇಮ್ -ಆರ್’ (ಇಲ್ಲಿ ಚಿಕ್ಕಕ್ಷರ) ತೋರಿಸುವ ಆವೃತ್ತಿಯ ಹೆಸರಿನ ಕೋಶ ಅಲ್ಲಿದೆಯೇ ನೋಡಿ. ಆರ್ಚ್‌ನಂಥ ಕೆಲವು ವಿತರಣೆಗಳಲ್ಲಿ ಕರ್ನಲ್ ನವೀಕರಿಸಿದಾಗ ಹಳೆಯ ಕೋಶ ಅಳಿದುಹೋಗುತ್ತದೆ. ಗಣಕವನ್ನು ಮರುಚಾಲನೆ ಮಾಡುವವರೆಗೆ ಹಳೆಯ ಕರ್ನಲ್ ಓಡುತ್ತಿರುತ್ತದೆ, ಅದಕ್ಕೆ ಬೇಕಾದ ಮಾಡ್ಯೂಲ್ ಡಿಸ್ಕಿನಲ್ಲಿರುವುದಿಲ್ಲ. ಮೊದಲೇ ಸ್ಮೃತಿಯಲ್ಲಿದ್ದ ಸಾಧನಗಳೆಲ್ಲ ನಡೆಯುತ್ತವೆ, ಹೊಸದಾಗಿ ಚುಚ್ಚಿದ್ದು ಮಾತ್ರ ನಡೆಯುವುದಿಲ್ಲ. ಮರುಚಾಲನೆಯೊಂದೇ ಮದ್ದು. ಉಬುಂಟುವಿನಲ್ಲಿ ಮಾಡ್ಯೂಲ್‌ಗಳ ಒಂದು ಭಾಗ ‘ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎಂಬ ಬೇರೆ ಪೊಟ್ಟಣದಲ್ಲಿದ್ದು ಅದು ಇಳಿಯದೇ ಇರುವುದೂ ಉಂಟು.

ನವೀಕರಣದ ನಡುವೆ ವಿದ್ಯುತ್ ಕೈಕೊಟ್ಟರೆ ಪಟ್ಟಿಗಳು ಅರ್ಧ ಬರೆದ ಸ್ಥಿತಿಯಲ್ಲಿ ಉಳಿಯಬಹುದು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ನಮ್ಮದೇ ಜಿಲ್ಲೆಯಲ್ಲಿದ್ದರೂ ಯುಪಿಎಸ್ ಇಲ್ಲದ ಪ್ರಯೋಗಾಲಯದಲ್ಲಿ ನವೀಕರಣಕ್ಕೆ ಕೈಹಾಕುವುದು ಜಾಣತನವಲ್ಲ. ಕಡತ ಇದ್ದು ಪಟ್ಟಿ ಮಾತ್ರ ಕೆಟ್ಟಿದ್ದರೆ ‘ಸುಡೋ ಡೆಪ್‌ಮಾಡ್ -ಎ’ ಎಂಬ ಒಂದೇ ಆದೇಶ ಅದನ್ನು ಮತ್ತೆ ಕಟ್ಟುತ್ತದೆ.

‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದರೆ ಕಡತ ಸಿಕ್ಕಿದೆ, ಆದರೆ ಅದು ಬೇರೊಂದು ಕರ್ನಲ್‌ಗೆ ಹೊಲಿದ ಅಂಗಿ. ಕರ್ನಲ್‌ನ ಜೊತೆ ಬಾರದ, ಹೊರಗಿನಿಂದ ತಂದು ಕಟ್ಟಿಕೊಂಡ ಚಾಲಕಗಳಲ್ಲಿ ಇದು ಸಾಮಾನ್ಯ. ಕೆಲವು ಯುಎಸ್‌ಬಿ ವೈಫೈ ತುಣುಕುಗಳ ಚಾಲಕಗಳು ಹೀಗೆಯೇ ಬರುತ್ತವೆ. ಪ್ರತಿ ಹೊಸ ಕರ್ನಲ್‌ಗೂ ಅವನ್ನು ಮತ್ತೆ ಕಟ್ಟಬೇಕು. ಆ ಕೆಲಸವನ್ನು ತಾನಾಗಿ ಮಾಡುವ ‘ಡಿಕೆಎಂಎಸ್’ ಎಂಬ ಏರ್ಪಾಡಿದೆ. ಆದರೆ ಅದಕ್ಕೆ ಆ ಕರ್ನಲ್‌ನ ಹೆಡರ್ ಕಡತಗಳು ಬೇಕು. ಅವು ಇಲ್ಲದಿದ್ದರೆ ಡಿಕೆಎಂಎಸ್ ಕೈಚೆಲ್ಲುತ್ತದೆ, ಮರುದಿನ ಜಾಲಸಂಪರ್ಕ ಇರುವುದಿಲ್ಲ. ಹೆಡರ್‌ಗಳನ್ನು ತರಲು ಜಾಲವೇ ಬೇಕು! ಇಂಥ ಹೊತ್ತಿನಲ್ಲಿ ಗಣಕ ಆರಂಭವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ಲನ್ನು ಆರಿಸಿಕೊಂಡರೆ ಹಳೆಯ ಚಾಲಕ ಸಿಗುತ್ತದೆ. ಮೊಬೈಲನ್ನು ಯುಎಸ್‌ಬಿ ಮೂಲಕ ಜೋಡಿಸಿ ಅದರ ಜಾಲವನ್ನು ಬಳಸುವುದೂ ಒಂದು ದಾರಿ.

‘ಕೀ ವಾಸ್ ರಿಜೆಕ್ಟೆಡ್’ ಎಂಬ ದೂರು ಸಹಿಗೆ ಸಂಬಂಧಿಸಿದ್ದು. ಸೆಕ್ಯೂರ್ ಬೂಟ್ ಚಾಲನೆಯಲ್ಲಿರುವ ಗಣಕಗಳಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟುವಿನಲ್ಲಿ ನಿಮ್ಮದೇ ಕೀಲಿಯೊಂದನ್ನು ನೋಂದಾಯಿಸಬಹುದು. ಶಾಲೆಯ ಗಣಕದಲ್ಲಿ ಸೆಕ್ಯೂರ್ ಬೂಟ್ ಆರಿಸಿಬಿಡುವುದು ಸುಲಭವಾದರೂ ಕೀಲಿ ನೋಂದಾಯಿಸುವುದೇ ಮೇಲು.

ಹೆಸರು ಹೇಳದ ಸಾಧನಗಳು

ಹಳೆಯ ಐಎಸ್‌ಎ ಕಾರ್ಡುಗಳು, ಪ್ಯಾರಲಲ್ ಪೋರ್ಟಿಗೆ ಜೋಡಿಸುವ ಉಪಕರಣಗಳು ತಮ್ಮ ಗುರುತನ್ನು ಹೇಳಿಕೊಳ್ಳುವುದೇ ಇಲ್ಲ. ಫೀನಿಕ್ಸ್ ಯೋಜನೆಯ ಮೊದಲ ಉಪಕರಣ ಪ್ಯಾರಲಲ್ ಪೋರ್ಟಿನದೇ. ಐ2ಸಿ ತಂತಿಯ ಮೇಲೆ ಕೂಡಿಸಿದ ಉಷ್ಣತಾ ಸಂವೇದಕವೂ ಹಾಗೆಯೇ. ಇವಕ್ಕೆ ಮಾಡ್ಯೂಲ್ ತಾನಾಗಿ ಬರಲಿಲ್ಲವೆಂದು ದೂರುವಂತಿಲ್ಲ. ಇಟಿಸಿ ಕಡತಕೋಶದ ‘ಮಾಡ್ಯೂಲ್ಸ್-ಲೋಡ್.ಡಿ’ ಎಂಬಲ್ಲಿ ಒಂದು ಕಡತ ಮಾಡಿ ಮಾಡ್ಯೂಲಿನ ಹೆಸರನ್ನು ಬರೆದರೆ ಗಣಕ ಆರಂಭವಾದಾಗಲೆಲ್ಲ ಅದು ಬರುತ್ತದೆ. ಯುಎಸ್‌ಬಿ ಸಾಧನಗಳಿಗೂ ಇದೇ ಉಪಾಯ ಮಾಡುವವರಿದ್ದಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಅದು ಮುರಿದ ಕಾಲಿಗೆ ಊರುಗೋಲು ಕೊಟ್ಟಂತೆ. ಮೂಳೆ ಎಲ್ಲಿ ಮುರಿದಿದೆಯೆಂದು ಯಾರೂ ನೋಡುವುದಿಲ್ಲ. ಮುಂದಿನ ನವೀಕರಣದಲ್ಲಿ ಅದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ.

ಇನ್ನೊಂದು ಮಾತು. ಮಾಡ್ಯೂಲ್ ಬಂದಿದೆ, ‘ಡೆವ್’ ಕಡತಕೋಶದಲ್ಲಿ ‘ಟಿಟಿವೈಎಸಿಎಂ0’ ಎಂಬ ಕಡತವೂ ಹುಟ್ಟಿದೆ, ಆದರೂ ಎಕ್ಸ್‌ಪೈಸ್ ತಂತ್ರಾಂಶಕ್ಕೆ ಸಾಧನ ಸಿಗುವುದಿಲ್ಲ. ಇದು ಮಾಡ್ಯೂಲಿನ ತೊಂದರೆಯಲ್ಲ, ಅನುಮತಿಯದು. ಉಬುಂಟುವಿನಲ್ಲಿ ಸೀರಿಯಲ್ ಸಾಧನಗಳನ್ನು ತೆರೆಯುವ ಹಕ್ಕು ‘ಡಯಲ್‌ಔಟ್’ ಗುಂಪಿನವರಿಗೆ ಮಾತ್ರ. ವಿದ್ಯಾರ್ಥಿಗಳು ಬಳಸುವ ಖಾತೆಯನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ನಿರ್ಗಮಿಸಿ ಮತ್ತೆ ಒಳಬರಬೇಕು. ಹಾಗೆ ಮಾಡುವವರೆಗೆ ಸೇರ್ಪಡೆ ಜಾರಿಗೆ ಬರುವುದಿಲ್ಲ.

ದೂರದ ಊರಿನ ಪರಿಣತರಿಂದ ಫೋನಿನಲ್ಲಿ ನೆರವು ಕೇಳುವುದಿದ್ದರೆ ನಾಲ್ಕು ಸಂಗತಿಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ: ಯುನೇಮ್ ಕೊಟ್ಟ ಆವೃತ್ತಿ, ಎಲ್‌ಎಸ್‌ಯುಎಸ್‌ಬಿಯ ಆ ಒಂದು ಸಾಲು, ಮಾಡ್‌ಪ್ರೋಬ್‌ನ ದೂರು, ಡಿಮೆಸೇಜ್‌ನ ಕೊನೆಯ ಸಾಲುಗಳು. ಉಪಕರಣಗಳೆಲ್ಲ ಸರಿಯಾಗಿ ನಡೆಯುತ್ತಿರುವ ದಿನವೇ ಪ್ರತಿಯೊಂದರ ಗುರುತುಸಂಖ್ಯೆ ಮತ್ತು ಮಾಡ್ಯೂಲಿನ ಹೆಸರನ್ನು ಅದರ ಡಬ್ಬಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದು ಅಂಟಿಸಿ. ಹತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ ಈ ಕೆಲಸ ವಹಿಸಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.